ಮಾಗಿಯ ಹೊಳೆ, ಮಡುವಿನ ಮೀನು

ಆಷಾಢದ ಮಳೆಗೆ ತುಂಗೆ ಉಕ್ಕಿದಾಗ ಶಿವಮೊಗ್ಗ ನಗರದ ಜನ ಕೊಡೆ ಹಿಡಿದು ಸೇತುವೆಯ ಬಳಿ ನೆರೆಯುತ್ತಾರೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ಇಣುಕಿ ನೋಡುತ್ತಾರೆ. ಮಂಟಪ ಮುಳುಗಿದರೆ ಊರಿಗೆ ಸಂಭ್ರಮ. ಬಾಗಿನ ಅರ್ಪಣೆಯಾಗುತ್ತದೆ, ಪತ್ರಿಕೆಗಳಲ್ಲಿ ಚಿತ್ರ ಪ್ರಕಟವಾಗುತ್ತದೆ. ಭದ್ರಾವತಿಯಲ್ಲಿಯೂ ಹಾಗೆಯೇ. ಲಕ್ಕವಳ್ಳಿಯ ಅಣೆಕಟ್ಟಿನಿಂದ ನೀರು ಬಿಟ್ಟು ಪಟ್ಟಣದ ಸೇತುವೆ ಮುಳುಗುವ ದಿನ ಭದ್ರೆ ಎಲ್ಲರ ಬಾಯಲ್ಲಿರುತ್ತಾಳೆ. ಮಳೆ ನಿಂತು, ದೀಪಾವಳಿ ಕಳೆದು, ಇಬ್ಬನಿ ಬೀಳುವ ಹೊತ್ತಿಗೆ ಈ ಎರಡು ನದಿಗಳನ್ನು ನಾವು ಮರೆತಿರುತ್ತೇವೆ. ನದಿಯ ನಿಜವಾದ ಪರೀಕ್ಷೆಯ ಕಾಲ ಆರಂಭವಾಗುವುದು ಆಗಲೇ.

ಈ ಸಂಚಿಕೆಯ ಸಂಪಾದಕೀಯವನ್ನು ಚಳಿಗಾಲದ ಹೊಳೆಗೂ ಅದರೊಳಗಿನ ಮೀನಿಗೂ ಮೀಸಲಿಡುತ್ತಿದ್ದೇವೆ. ಕಾಡು, ಗಣಿ, ಅಣೆಕಟ್ಟುಗಳಂಥ ದೊಡ್ಡ ಸಂಗತಿಗಳಿರುವಾಗ ಮೀನಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕಾಡು ಕಡಿದದ್ದು ಕಣ್ಣಿಗೆ ಕಾಣುತ್ತದೆ, ಗಣಿ ತೋಡಿದ್ದು ದೂರದಿಂದಲೇ ತಿಳಿಯುತ್ತದೆ. ನೀರಿನ ಒಳಗೆ ನಡೆಯುವ ನಾಶಕ್ಕೆ ಮಾತ್ರ ಸಾಕ್ಷಿಗಳಿಲ್ಲ. ಸಾಕ್ಷಿ ಹೇಳಬಲ್ಲ ಜೀವಿ ಮೀನೊಂದೇ. ಅದು ಸತ್ತು ತೇಲಿದಾಗಲಷ್ಟೇ ನಮಗೆ ಆ ಸಾಕ್ಷ್ಯ ಕೇಳಿಸುತ್ತದೆ.

ತಣ್ಣೀರಿನ ಮೀನು ಎಂದೊಡನೆ ಹೊರಜಗತ್ತಿನವರಿಗೆ ನೆನಪಾಗುವುದು ಟ್ರೌಟ್. ಯುರೋಪು, ಅಮೆರಿಕಗಳ ಬೆಟ್ಟದ ತೊರೆಗಳಲ್ಲಿ ಚಳಿಗಾಲದ ಟ್ರೌಟ್ ಬೇಟೆ ಒಂದು ವಿದ್ಯೆಯೇ ಆಗಿ ಬೆಳೆದಿದೆ. ನೀರಿನ ಉಷ್ಣತೆ ಎಷ್ಟು, ಹರಿವು ಎಷ್ಟು, ತಿಳಿನೀರಿನಲ್ಲಿ ಮೀನು ಯಾವ ಕಲ್ಲಿನ ಮರೆಯಲ್ಲಿ ನಿಂತಿದೆ ಎಂಬುದನ್ನು ಅಲ್ಲಿನವರು ದಿನವಹಿ ಗಮನಿಸುತ್ತಾರೆ. ಆ ಮೀನನ್ನು ನಮ್ಮ ದಕ್ಷಿಣದ ಬೆಟ್ಟಗಳಿಗೆ ತರುವ ಯತ್ನವೂ ನಡೆದಿತ್ತು. 1860ರ ದಶಕದಲ್ಲಿ ಮತ್ಸ್ಯವಿಜ್ಞಾನಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಫಲಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಮರಿಕೇಂದ್ರ ಸ್ಥಾಪನೆಯಾಗಿ, ಕಾಮನಬಿಲ್ಲಿನ ಟ್ರೌಟ್ ಅಲ್ಲಿನ ಎತ್ತರದ ತೊರೆಗಳಲ್ಲಿ ನೆಲೆ ಕಂಡಿತು. ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬಳಲುವ ಆ ಮೀನಿಗೆ ಮಲೆನಾಡಿನ ಹೊಳೆ ಸಲ್ಲದು. ಸಲ್ಲಬೇಕಾದ ಅಗತ್ಯವೂ ಇಲ್ಲ. ನಮ್ಮ ಹೊಳೆಗೆ ನಮ್ಮದೇ ಆದ ಮೀನಿದೆ. ಶೃಂಗೇರಿಯ ಮಠದ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯ ದೇವಸ್ಥಾನದ ಮಡುವಿನಲ್ಲಿ ಹಿಂಡುಹಿಂಡಾಗಿ ತಿರುಗುವ ‘ದೇವರ ಮೀನು’ಗಳಲ್ಲಿ ಮುಖ್ಯವಾದ ಮಹಸೀರ್ ಟ್ರೌಟಿಗಿಂತ ಬಲಶಾಲಿ, ಅಷ್ಟೇ ಸೂಕ್ಷ್ಮ. ಆದರೆ ಟ್ರೌಟಿನ ತೊರೆಯನ್ನು ಅವರು ಕಾಯುವಷ್ಟು ಶ್ರದ್ಧೆಯಿಂದ ಮಹಸೀರಿನ ಹೊಳೆಯನ್ನು ನಾವು ಕಾಯ್ದಿದ್ದೇವೆಯೇ?

ಚಳಿಗಾಲ ಬಂದಾಗ ಹೊಳೆಯಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಹಳ್ಳಿಯ ಹಿರಿಯರಿಗೆ ಇದು ಹೊಸದಲ್ಲ, ವಿದ್ಯಾರ್ಥಿಗಳಿಗೆ ಹೊಸದಾಗಿರಬಹುದು.

ಮುಂಗಾರಿನ ಮೊದಲ ನೆರೆಗೆ ಮೀನುಗಳು ದೊಡ್ಡ ಹೊಳೆ ಬಿಟ್ಟು ಹಳ್ಳ, ತೋಡು, ಗದ್ದೆಗಳ ಕಡೆಗೆ ಏರುತ್ತವೆ. ನಮ್ಮಲ್ಲಿ ಹತ್ತುಮೀನು ಎಂಬ ಮಾತು ಹುಟ್ಟಿದ್ದೇ ಈ ಏರಾಟದಿಂದ. ಮಹಸೀರ್ ಜಾತಿಯವು ಮಳೆಗಾಲದಲ್ಲಿ, ನೆರೆ ಏರಿ ಇಳಿಯುವ ವೇಳೆಗೆ, ಜಲ್ಲಿಗಲ್ಲಿನ ಹಾಸಿನ ಮೇಲೆ ಮೊಟ್ಟೆಯಿಡುತ್ತವೆ. ಆ ಮೊಟ್ಟೆಯಿಂದ ಹೊರಬಂದ ಮರಿಗಳು ಕಾರ್ತೀಕ, ಮಾರ್ಗಶಿರದ ಹೊತ್ತಿಗೆ ಬೆರಳುದ್ದ ಆಗಿರುತ್ತವೆ. ದೊಡ್ಡ ಮೀನುಗಳು ಮಡು ಸೇರಿದರೂ ಈ ಮರಿಗಳು ಮೊಣಕಾಲುದ್ದದ ತಿಳಿನೀರಿನಲ್ಲಿ, ಕಲ್ಲುಗಳ ಸಂದಿನಲ್ಲಿ ಬೆಳೆಯುತ್ತಿರುತ್ತವೆ. ಅಂದರೆ ಚಳಿಗಾಲದ ಸಣ್ಣ ಹಳ್ಳವೇ ದೊಡ್ಡ ನದಿಯ ತೊಟ್ಟಿಲು. ಈ ತೊಟ್ಟಿಲಿಗೆ ಬೆಂಕಿಯಿಟ್ಟು, ಮುಂದೆ ನದಿಯಲ್ಲಿ ಮೀನಿಲ್ಲವೆಂದು ಹಲುಬಿದರೆ ಪ್ರಯೋಜನವೇನು?

ಮಾಗಿಯ ನೀರಿಗೆ ಒಂದು ವರವೂ ಒಂದು ಶಾಪವೂ ಇದೆ. ನೀರು ತಣ್ಣಗಿದ್ದಷ್ಟೂ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಗೆ ಏರಿದರೆ ಅದು ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಚಳಿಯಲ್ಲಿ ಮೀನಿನ ಮೈಯ ಚಟುವಟಿಕೆ ತಗ್ಗುವುದರಿಂದ ಅದಕ್ಕೆ ಬೇಕಾದ ಆಹಾರವೂ ಉಸಿರೂ ಕಡಿಮೆ. ಹಾಗಾಗಿ ಸ್ವಚ್ಛವಾದ ಹೊಳೆಯಲ್ಲಿ ಚಳಿಗಾಲವು ಮೀನಿಗೆ ವಿಶ್ರಾಂತಿಯ ಕಾಲ. ಇದು ವರ. ಹರಿವು ಕುಗ್ಗುವುದೇ ಶಾಪ. ಮಳೆಗಾಲದಲ್ಲಿ ಗಾಜನೂರಿನಿಂದ ಹತ್ತಾರು ಸಾವಿರ ಕ್ಯೂಸೆಕ್ ನೀರು ಧುಮುಕುವಾಗ ಊರಿನ ಕೊಳೆ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನದಿ ಬಂಡೆಗಳ ನಡುವಿನ ಕಾಲುವೆಯಾಗುತ್ತದೆ, ಕೊಳೆ ಮಾತ್ರ ಅಷ್ಟೇ ಇರುತ್ತದೆ. ಒಂದು ಹಂಡೆಯಲ್ಲಿ ಕರಗಿದ ವಿಷವನ್ನು ಒಂದು ಚೊಂಬಿನಲ್ಲಿ ಕರಗಿಸಿದಂತೆ.

ತಿಳಿನೀರಿನಲ್ಲಿ ಮೀನು ಮನುಷ್ಯನ ನೆರಳಿಗೂ ಬೆದರುತ್ತದೆ. ಆದ್ದರಿಂದಲೇ ಚಳಿಗಾಲದ ಗಾಳ ತಾಳ್ಮೆಯ ಕೆಲಸ. ಬಿಸಿಲು ಏರಿ ನೀರು ತುಸು ಬೆಚ್ಚಗಾಗುವವರೆಗೆ ಕಾಯಬೇಕು, ಬಂಡೆಯ ಹಿಂದೆ ಕುಳಿತಿರಬೇಕು, ಬರಿಗೈಯಲ್ಲಿ ಮನೆಗೆ ಮರಳಲೂ ಸಿದ್ಧನಿರಬೇಕು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕಳೆದ ಗಂಟೆಗಳು ಅವರಿಗೆ ಮಲೆನಾಡಿನ ಜೀವಜಾಲವನ್ನು ಕಲಿಸಿದ ಪಾಠಗಳೂ ಆಗಿದ್ದವು. ಗಾಳ ಹಿಡಿದವನು, ಬಿದಿರಿನ ಕೂಣಿ ಇಟ್ಟವನು, ಬೀಸುಬಲೆ ಎಸೆದು ಹೊಟ್ಟೆ ಹೊರೆಯುವ ಬೆಸ್ತ, ಇವರಾರೂ ಹೊಳೆಯ ಶತ್ರುಗಳಲ್ಲ. ಹೊಳೆ ಬದುಕಿದ್ದರೆ ತಾನೂ ಬದುಕಿಯೇನೆಂಬ ಅರಿವು ಅವರಿಗಿರುತ್ತದೆ. ಈ ಮಾತನ್ನು ಒತ್ತಿ ಹೇಳುವುದು ಅಗತ್ಯ; ಏಕೆಂದರೆ ಪರಿಸರದ ಹೆಸರಿನಲ್ಲಿ ಬಡವನ ತಟ್ಟೆಯ ಮೀನನ್ನು ಕಸಿಯುವುದು ನಮ್ಮ ಉದ್ದೇಶವಲ್ಲ.

ನಮ್ಮ ಆಕ್ಷೇಪ ಇರುವುದು ತಾಳ್ಮೆಯನ್ನೇ ಕೊಂದ ಬೇಟೆಯ ಮೇಲೆ. ಹರಿವು ಕುಗ್ಗಿ ಮಡುಗಳು ಒಂದರಿಂದೊಂದು ಬೇರೆಯಾಗುವ ಹೊತ್ತಿಗೆ ಕೆಲವರ ಕೈಗೆ ತೋಟೆ ಬರುತ್ತದೆ, ಬ್ಲೀಚಿಂಗ್ ಪೌಡರ್ ಬರುತ್ತದೆ, ಅಡಕೆಗೆ ಹೊಡೆದು ಉಳಿದ ಮೈಲುತುತ್ತ ಬರುತ್ತದೆ, ಬ್ಯಾಟರಿಯಿಂದ ನೀರಿಗೆ ಕರೆಂಟು ಹರಿಸುವ ಸಾಧನ ಬರುತ್ತದೆ. ಹಿಂದೆಯೂ ಕಾರೆಕಾಯಿ ಜಜ್ಜಿ ಮೀನು ಹಿಡಿಯುವ ರೂಢಿ ಇತ್ತಲ್ಲ ಎಂದು ವಾದಿಸುವವರಿದ್ದಾರೆ. ಇತ್ತು, ನಿಜ. ಅದೂ ನಿರ್ದೋಷಿಯಲ್ಲ. ಆದರೆ ಕಾರೆಕಾಯಿ ಬೇಕೆಂದರೆ ಗುಡ್ಡ ಹತ್ತಬೇಕಿತ್ತು, ಜಜ್ಜಬೇಕಿತ್ತು. ಆ ಶ್ರಮವೇ ಅದಕ್ಕೊಂದು ಮಿತಿಯಾಗಿತ್ತು. ಅಂಗಡಿಯ ಪೊಟ್ಟಣಕ್ಕೆ ಅಂತಹ ಮಿತಿಯಿಲ್ಲ. ಒಂದು ಪೊಟ್ಟಣ ಸುರಿದರೆ ಕೈಗೆ ಸಿಗುವುದು ನಾಲ್ಕು ದೊಡ್ಡ ಮೀನು. ಸಾಯುವುದು ಮರಿ, ಮೊಟ್ಟೆ, ಸಿಗಡಿ, ಕಲ್ಲೇಡಿ, ಕಪ್ಪೆಯ ಮರಿ, ಕಲ್ಲಿಗಂಟಿ ಬದುಕುವ ಹುಳ ಎಲ್ಲವೂ. ಅದೇ ನೀರನ್ನು ಕೆಳಗಿನ ಊರಿನ ದನ ಕುಡಿಯುತ್ತದೆ.

ಈ ರೋಗವೂ ಹಳೆಯದು, ಅದರ ವಿರುದ್ಧದ ಎಚ್ಚರಿಕೆಯೂ ಹಳೆಯದು. ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಅಲ್ಲಿನ ನದಿಗಳ ಮೀನನ್ನು ಅಭ್ಯಸಿಸಿ, ವಿಷ ಹಾಕುವುದರಿಂದಲೂ ಮರಿಗಳನ್ನು ಬಾಚುವುದರಿಂದಲೂ ಆಗುವ ನಷ್ಟವನ್ನು 1870ರ ಸುಮಾರಿಗೇ ಬರೆದಿಟ್ಟನು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸ್ಫೋಟಕ ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಕರ್ನಾಟಕವೂ 1996ರಲ್ಲಿ ಒಳನಾಡು ಮೀನುಗಾರಿಕೆಗೆ ತನ್ನದೇ ಕಾಯಿದೆ ಮಾಡಿಕೊಂಡಿತು. ಅದೇ 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರನ ಸನ್ನಿಧಿಯ ಕಪಿಲಾ ನದಿಗೆ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನುಗಳನ್ನು ಕೊಂದರು. ಊರಿನವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ದೇವರ ಹೆಸರಿನ ರಕ್ಷೆಯಿದ್ದ ಮಡುವಿಗೇ ಹೀಗಾದರೆ, ಹೆಸರಿಲ್ಲದ ಹಳ್ಳಗಳ ಗತಿಯೇನು? ಕಾಯಿದೆ ಪುಸ್ತಕದಲ್ಲಿರುತ್ತದೆ, ವಿಷ ಹಾಕುವವನು ಕತ್ತಲೆಯಲ್ಲಿರುತ್ತಾನೆ; ಇವೆರಡರ ನಡುವೆ ನಿಲ್ಲಬಲ್ಲವರು ಊರಿನವರು ಮಾತ್ರ.

ಇನ್ನು ನಗರಗಳ ಕಡೆಗೆ ತಿರುಗೋಣ. ಹಳ್ಳಿಯವನ ತಪ್ಪನ್ನು ಎತ್ತಿ ಆಡಿ, ನಗರದ ತಪ್ಪನ್ನು ನುಂಗಿಕೊಳ್ಳುವುದು ನ್ಯಾಯವಲ್ಲ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳಿ ಬೆಳೆದವರು ನಾವು. ಆದರೆ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿದಾಗ, ಕರ್ನಾಟಕದ 17ರಲ್ಲಿ ತೀರ್ಥಹಳ್ಳಿಯಿಂದ ಕೂಡ್ಲಿಯವರೆಗಿನ ತುಂಗೆಯೂ ಇತ್ತು, ಭದ್ರಾವತಿ–ಹೊಳೆಹೊನ್ನೂರಿನ ನಡುವಿನ ಭದ್ರೆಯೂ ಇತ್ತು. ಎರಡು ನದಿಗಳು ಕೂಡ್ಲಿಯಲ್ಲಿ ಸಂಗಮಿಸುವ ಮೊದಲೇ ಎರಡೂ ಕೊಳೆಯಾಗಿರುತ್ತವೆ ಎಂಬುದು ಅದರ ಅರ್ಥ. ಸಂಗಮದಲ್ಲಿ ಮುಳುಗಿ ಪುಣ್ಯ ಪಡೆಯುವವರು ಮೇಲಿನ ಊರುಗಳ ಚರಂಡಿ ಎಲ್ಲಿ ಕೊನೆಯಾಗುತ್ತದೆಂದು ಒಮ್ಮೆ ನಡೆದು ನೋಡಿಕೊಂಡು ಬರುವುದು ಒಳಿತು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ದಾರಿಯುದ್ದಕ್ಕೂ ಎತ್ತಿದ್ದು ಇದೇ ಪ್ರಶ್ನೆಯನ್ನು.

ಭದ್ರಾವತಿಯ ಕಥೆ ಇನ್ನಷ್ಟು ಜಟಿಲ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯೂ ಆ ಊರಿಗೆ ಅನ್ನ ಕೊಟ್ಟವು, ನಾಡಿಗೆ ಕೀರ್ತಿ ತಂದವು. ಅವುಗಳ ತ್ಯಾಜ್ಯನೀರು ದಶಕಗಳ ಕಾಲ ಭದ್ರೆಗೇ ಸೇರಿತು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ನದಿಯ ಬಣ್ಣ ತಿಳಿಯಾಯಿತೆಂದು ಸಂತೋಷಪಡಲು ನಮಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಸಾವಿರಾರು ಮನೆಗಳ ಒಲೆ ಅದೇ ಹೊತ್ತಿಗೆ ತಣ್ಣಗಾಯಿತು. 2023ರಲ್ಲಿ ವಿಶ್ವೇಶ್ವರಯ್ಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಬಂದಾಗ ಕಾರ್ಮಿಕರು ಬೀದಿಗಿಳಿದರು. ನದಿ ಶುದ್ಧವಾಗಬೇಕಾದರೆ ಕಾರ್ಖಾನೆ ಸಾಯಲೇಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ತ್ಯಾಜ್ಯವನ್ನು ಶುದ್ಧೀಕರಿಸುವ ವೆಚ್ಚವನ್ನು ಉತ್ಪಾದನೆಯ ವೆಚ್ಚವೆಂದು ಮೊದಲ ದಿನದಿಂದಲೇ ಲೆಕ್ಕ ಹಿಡಿದಿದ್ದರೆ ನದಿಯೂ ಉಳಿಯುತ್ತಿತ್ತು, ಕಾರ್ಮಿಕನೂ ಉಳಿಯುತ್ತಿದ್ದ. ಕಾರ್ಖಾನೆಯ ಕಂದು ನೀರು ನಿಂತ ಮೇಲೂ 2018ರ ಪಟ್ಟಿಯಲ್ಲಿ ಭದ್ರೆ ಉಳಿದದ್ದು ಏನನ್ನು ಹೇಳುತ್ತದೆ? ಕೊಳೆಯ ಹೊಣೆ ಚಿಮಣಿ ಇರುವವರದು ಮಾತ್ರವಲ್ಲ, ಬಚ್ಚಲು ಇರುವ ಪ್ರತಿಯೊಂದು ಮನೆಯದೂ ಹೌದು ಎಂದು.

ಭದ್ರೆಗೆ ಮೇಲಿನಿಂದಲೂ ಪೆಟ್ಟು ಬಿದ್ದಿತ್ತು. ಕುದುರೆಮುಖದ ಗಣಿಯ ಕೆಮ್ಮಣ್ಣು ವರ್ಷವರ್ಷವೂ ಮಳೆಯೊಡನೆ ಇಳಿದು ನದಿಯ ಜಲ್ಲಿಹಾಸನ್ನು ಮುಚ್ಚುತ್ತಿತ್ತು. ಹೂಳು ಕುಳಿತ ಜಲ್ಲಿಯಲ್ಲಿ ಮೊಟ್ಟೆಗೆ ಉಸಿರಿಲ್ಲ. ಮಲೆನಾಡಿನ ಜನರ ದೀರ್ಘ ಹೋರಾಟ, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪು, 2005ರ ಡಿಸೆಂಬರ್ 31ರಂದು ನಿಂತ ಗಣಿ, ಇವು ನಮ್ಮ ಚಳವಳಿಯ ನೆನಪಿನಲ್ಲಿ ಹಸಿರಾಗಿರುವ ಘಟನೆಗಳು. ಜನ ಪಟ್ಟು ಹಿಡಿದರೆ ನದಿಯ ಮೂಲವನ್ನು ಉಳಿಸಬಹುದೆಂದು ಅವು ತೋರಿಸಿಕೊಟ್ಟವು. ಮೂಲ ಉಳಿಸಿದ ನಾವು ನಡುವನ್ನು ಕಳೆದುಕೊಂಡರೆ ಆ ಗೆಲುವಿಗೆ ಅರ್ಥವಿದೆಯೇ? ಇಂದು ಆ ನಡುವಿನ ಹೊಳೆಯನ್ನು ತಿನ್ನುತ್ತಿರುವುದು ಮರಳು ದಂಧೆ. ನೀರು ಇಳಿದೊಡನೆ ಮರಳಿನ ಲಾರಿಗಳು ದಂಡೆಗೆ ಇಳಿಯುತ್ತವೆ. ಮೀನು ಮೊಟ್ಟೆಯಿಡುವ ಹಾಸೂ ಹೋಗುತ್ತದೆ, ಆಶ್ರಯಿಸುವ ಮಡುವಿನ ಆಕಾರವೂ ಕೆಡುತ್ತದೆ.

ಅಣೆಕಟ್ಟುಗಳ ವಿಷಯವನ್ನೂ ಮರೆಯುವಂತಿಲ್ಲ. 1965ರಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯ 71.5 ಟಿಎಂಸಿ ನೀರು ಹಿಡಿದು ಬಯಲಿಗೆ ಹಸಿರು ತಂದಿದೆ. ಗಾಜನೂರಿನ ಕಟ್ಟೆ ತುಂಗೆಯ ನಾಲೆಗಳಿಗೆ ನೀರೂಡಿಸಿದೆ. ಆ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ನದಿಗುಂಟ ಏರಿ ಮೊಟ್ಟೆಯಿಡಬೇಕಾದ ಮೀನಿಗೆ ಎತ್ತರದ ಗೋಡೆಯೊಂದು ದಾರಿಯ ಕೊನೆ. ಅಣೆಕಟ್ಟಿನ ಕೆಳಗಿನ ನದಿಗೆ ಎಷ್ಟು ನೀರೆಂಬುದು ಈಗ ಮೋಡದ ಕೈಯಲ್ಲಿಲ್ಲ, ಗೇಟಿನ ಕೈಯಲ್ಲಿದೆ. ನಾಲೆಯ ನೀರಿನ ಪಾಳಿ ನಿರ್ಧರಿಸುವ ಸಭೆಗಳಲ್ಲಿ ಭತ್ತದ ಪಾಲು, ಅಡಕೆಯ ಪಾಲು, ಕುಡಿಯುವ ನೀರಿನ ಪಾಲು ಚರ್ಚೆಗೆ ಬರುತ್ತವೆ. ನದಿಯ ಪಾಲು ಎಂಬ ಮಾತು ಅಲ್ಲಿ ಕೇಳಿಸಬೇಕು. ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರೆಗೂ, ಭದ್ರೆಯಿಂದ 29.9 ಟಿಎಂಸಿ ನೀರನ್ನು ಬಯಲುಸೀಮೆಗೂ ಎತ್ತುವ ಭದ್ರಾ ಮೇಲ್ದಂಡೆ ಯೋಜನೆಯ ಕಾಲದಲ್ಲಿ ಈ ಮಾತು ಇನ್ನಷ್ಟು ಅಗತ್ಯ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಬಯಲಿನವರ ಬಾಯಾರಿಕೆ ನಮಗೆ ಅರ್ಥವಾಗದ್ದಲ್ಲ. ಆದರೆ ಅಂಥ ವರ್ಷದಲ್ಲಿ ಮಡುವಿನ ತಳದ ನೀರನ್ನೂ ಪಂಪು ಹಚ್ಚಿ ಎಳೆದರೆ ಮರುವರ್ಷ ನೆರೆಯೊಡನೆ ಹತ್ತಿ ಬರಲು ಮೀನಾದರೂ ಎಲ್ಲಿಂದ ಬರಬೇಕು?

ಮೀನು ಕಡಿಮೆಯಾಯಿತೆಂದರೆ ಮರಿ ತಂದು ಬಿಟ್ಟರಾಯಿತಲ್ಲ ಎಂಬ ಸುಲಭದ ಪರಿಹಾರ ಸೂಚಿಸುವವರೂ ಇದ್ದಾರೆ. ಕೆರೆ, ಜಲಾಶಯಗಳಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಸಲ್ಲಬಹುದು. ಹರಿಯುವ ಹೊಳೆಗೆ ಸಲ್ಲದು. ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರಿನ ಮರಿಗಳು ಹಲವು ರಾಜ್ಯಗಳ ನದಿಗಳಿಗೆ ಹೋದವು. ಸದುದ್ದೇಶದಿಂದಲೇ ಅವನ್ನು ಕಾವೇರಿಗೂ ಬಿಟ್ಟರು. ಅಲ್ಲಿ ಅದು ಹೆಚ್ಚಿದಂತೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕುಗ್ಗುತ್ತ ಬಂದಿತು. ಅದನ್ನು 2018ರಲ್ಲಿ ತೀವ್ರ ಅಳಿವಿನ ಅಂಚಿನಲ್ಲಿರುವ ಜೀವಿಯೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಯಿತು. ಒಂದು ನದಿಯ ಮೀನು ಇನ್ನೊಂದು ನದಿಗೆ ಪರಕೀಯನಾಗಬಲ್ಲುದು. ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್‌ಗಳಂತೂ ಹೊರನಾಡಿನವು. ಹೊಂಡಗಳಿಂದ ತಪ್ಪಿಸಿಕೊಂಡು ಹಳ್ಳಕ್ಕೆ ಸೇರಿದರೆ ಅವನ್ನು ಮರಳಿ ಕರೆಯುವ ಉಪಾಯ ಯಾರ ಬಳಿಯೂ ಇಲ್ಲ. ಮರಿಯನ್ನು ಕೊಂಡು ತರಬಹುದು, ಮಡುವನ್ನು ಕೊಂಡು ತರಲಾಗದು.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಯೋಜನೆಗಳಿಗಾಗಿ ಕಾಯದೆ ಈ ಮಾಗಿಯಲ್ಲಿಯೇ ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದು, ಊರಿಗೊಂದು ಮಡು. ನಮ್ಮ ಹಿರಿಯರು ದೇವರಕಾಡು ಬಿಟ್ಟಂತೆ ದೇವರ ಮಡುವನ್ನೂ ಬಿಟ್ಟಿದ್ದರು. ಚಿಬ್ಬಲಗುಡ್ಡೆ, ಶೃಂಗೇರಿಗಳಲ್ಲಿ ಇಂದು ಮೀನು ಉಳಿದಿದ್ದರೆ ಅದು ಆ ವಿವೇಕದ ಫಲ. ಪ್ರತಿ ಗ್ರಾಮಸಭೆಯೂ ತನ್ನ ವ್ಯಾಪ್ತಿಯ ಒಂದು ಆಳವಾದ ಮಡುವನ್ನು ಗುರುತಿಸಿ, ದೀಪಾವಳಿಯಿಂದ ಮುಂಗಾರಿನವರೆಗೆ ಅಲ್ಲಿ ಬಲೆಯನ್ನಾಗಲಿ ಗಾಳವನ್ನಾಗಲಿ ಪಂಪನ್ನಾಗಲಿ ಇಳಿಸುವುದಿಲ್ಲವೆಂದು ತೀರ್ಮಾನಿಸಲಿ. ಉಳಿದ ಹೊಳೆಯಲ್ಲಿ ಹಿಡಿಯುವವರು ಹಿಡಿಯಲಿ. ಒಂದು ಮಡುವಿನ ತಾಯಿಮೀನು ಉಳಿದರೆ ಮುಂದಿನ ಮಳೆಗೆ ಇಡೀ ಹಳ್ಳ ತುಂಬುತ್ತದೆ.

ಎರಡನೆಯದು, ವಿಷ ಮತ್ತು ತೋಟೆಯ ಮೇಲೆ ಊರಿನದೇ ಕಾವಲು. ಯಾರು ಹಾಕುತ್ತಾರೆಂಬುದು ಊರಿಗೆ ಗೊತ್ತಿರುತ್ತದೆ. ದಾಕ್ಷಿಣ್ಯ ಬಾಯಿ ಕಟ್ಟುತ್ತದೆ. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಹೊಳೆಯನ್ನು ಬಲಿ ಕೊಡುವುದು ಇನ್ನಾದರೂ ನಿಲ್ಲಲಿ.

ಮೂರನೆಯದು ವಿದ್ಯಾರ್ಥಿಗಳಿಗೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಹಿಡಿದು ಹಳ್ಳಿಯ ಪ್ರೌಢಶಾಲೆಯವರೆಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸವಿದು. ನಿಮ್ಮ ಹಳ್ಳದ ಒಂದು ಸ್ಥಳವನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಬೆಳಗ್ಗೆ ಮತ್ತು ನಡುಹಗಲು ನೀರಿನ ಉಷ್ಣತೆ ಅಳೆಯಿರಿ. ಮಡುವಿನ ಆಳವನ್ನು ಕೋಲಿನಿಂದ ಗುರುತಿಸಿ ಬರೆದಿಡಿ. ನೀರಿನೊಳಗಿನ ಕಲ್ಲೊಂದನ್ನು ಮೆಲ್ಲನೆ ಎತ್ತಿ ಅದರ ಅಡಿಯನ್ನು ನೋಡಿ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಹುಳುಗಳ ಮರಿಗಳು ಕಂಡರೆ ನೀರು ಬದುಕಿದೆ ಎಂದು ತಿಳಿಯಿರಿ. ಟ್ರೌಟ್ ಹಿಡಿಯುವವರು ತಮ್ಮ ಗಾಳದ ತುದಿಗೆ ಕಟ್ಟುವುದು ಇದೇ ಹುಳುಗಳ ನಕಲನ್ನು. ಮೀನಿನ ಅನ್ನ ಇವು. ಇವೆಲ್ಲ ಮಾಯವಾಗಿ, ಕೆಸರಿನಲ್ಲಿ ಕೆಂಪು ಎರೆಯಂಥ ಹುಳುಗಳು ಮಾತ್ರ ಉಳಿದಿದ್ದರೆ ಮೇಲೆ ಎಲ್ಲಿಯೋ ಕೊಳೆ ಸೇರುತ್ತಿದೆಯೆಂದು ಅರ್ಥ. ಕಲ್ಲನ್ನು ಇದ್ದಲ್ಲಿಯೇ ಇಟ್ಟುಬಿಡಿ, ಕಂಡದ್ದನ್ನು ಬರೆದಿಡಿ. ಐದು ಚಳಿಗಾಲಗಳ ಇಂಥ ದಾಖಲೆ ನಿಮ್ಮ ಬಳಿ ಇದ್ದರೆ ಯಾವ ಅಧಿಕಾರಿಯೂ ನಿಮ್ಮ ಮಾತನ್ನು ಸುಲಭವಾಗಿ ತಳ್ಳಿಹಾಕಲಾರನು.

ನಾಲ್ಕನೆಯದು ನಗರಗಳಿಗೆ. ನದಿಯ ದಂಡೆಗೆ ಕಲ್ಲು ಹಾಸಿ ದೀಪ ಹಚ್ಚುವ ಮೊದಲು ದಂಡೆಯಿಂದ ಒಳಗಿಳಿಯುವ ಚರಂಡಿಗಳಿಗೆ ಲೆಕ್ಕ ಕೊಡಿ. ಎಷ್ಟು ಚರಂಡಿ, ಎಷ್ಟು ಶುದ್ಧೀಕರಣ, ಎಷ್ಟು ನೇರ ನದಿಗೆ ಎಂಬ ಮೂರು ಸಂಖ್ಯೆಗಳನ್ನು ಶಿವಮೊಗ್ಗದ ಮಹಾನಗರ ಪಾಲಿಕೆಯೂ ಭದ್ರಾವತಿಯ ನಗರಸಭೆಯೂ ಪ್ರತಿ ಚಳಿಗಾಲದಲ್ಲಿ ಜನರ ಮುಂದಿಡಲಿ.

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ಜಾತ್ರೆ. ಕೊರೆಯುವ ಚಳಿಯಲ್ಲಿ ಸಾವಿರಾರು ಜನ ತುಂಗೆಯಲ್ಲಿ ಮುಳುಗೇಳುತ್ತಾರೆ. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಈ ನೀರಿನಲ್ಲಿ ತೊಳೆದುಹೋಯಿತೆಂಬ ನಂಬಿಕೆ ಆ ಸ್ನಾನದ ಹಿಂದಿದೆ. ತೊಳೆಯುವ ನೀರೇ ಕಲೆಯಾದರೆ ಅದನ್ನು ತೊಳೆಯಲು ಇನ್ನಾವ ತೀರ್ಥವೂ ಇಲ್ಲ. ಈ ವರ್ಷ ಮುಳುಗೇಳುವವರು ಒಂದು ಕ್ಷಣ ನಿಂತು, ತಿಳಿನೀರಿನಲ್ಲಿ ಕಾಲ ಬಳಿ ಸುಳಿಯುವ ಬೆರಳುದ್ದದ ಮರಿಗಳನ್ನು ನೋಡಲಿ. ಅವು ಅಲ್ಲಿರುವವರೆಗೆ ತುಂಗೆ ಪಾನಕ್ಕೆ ಯೋಗ್ಯಳೆಂಬ ಮಾತಿಗೆ ಸ್ವಲ್ಪವಾದರೂ ಬೆಲೆ ಇರುತ್ತದೆ.